ಹಾಡಿನ ಇನ್ನರ್ಧ

ಫೆಬ್ರವರಿ 2

ಅಕ್ಕಾ,

ಫೋನ್ ಮಾಡುವುದು ಬಿಟ್ಟು ತಮ್ಮ ಕಾಗದ ಬರೆದಿದ್ದಾನೆ ಎಂದು ಗಾಬರಿಯಾಗಬೇಡ. ಕೈಕಾಲು ಗಟ್ಟಿಯಾಗಿವೆ. ಫೋನಿನಲ್ಲಾದರೆ ಮೂರನೇ ಮಾತಿಗೆ ನೀನು ಜೋರಾಗುತ್ತೀ, ನಾಲ್ಕನೆಯದಕ್ಕೆ ನಾನು. ಕಾಗದದಲ್ಲಿ ಒಂದು ಸಲಕ್ಕೆ ಒಬ್ಬರೇ ಜಗಳವಾಡಬಹುದು.

ಎರಡು ತಿಂಗಳಲ್ಲಿ ಮೂರು ಕಡೆ ಹಾಡುತ್ತಿದ್ದೇನೆ. ಒಂದು ಪುಸ್ತಕದಂಗಡಿಯ ಮಹಡಿಯಲ್ಲಿ. ಇನ್ನೊಂದು ಕಾಫಿ ಅಂಗಡಿಯಲ್ಲಿ. ಮೂರನೆಯದು ನಿಜವಾದ ರಂಗಮಂದಿರದಲ್ಲಿ, ಮಾರ್ಚ್ 28, ಸಂಜೆ ಆರಕ್ಕೆ. ಎಂಬತ್ತು ಕುರ್ಚಿ, ಎಂಬತ್ತನ್ನೂ ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಿದ್ದಾರೆ. ಇಷ್ಟು ವರ್ಷ ನಾನು ಹಾಡಿದ ಕಡೆ ಜನ ಎದ್ದು ಹೋಗುವಾಗ ಕುರ್ಚಿಯನ್ನೂ ಎಳೆದುಕೊಂಡು ಪಕ್ಕದ ಟೇಬಲ್ಲಿಗೆ ಹೋಗುತ್ತಿದ್ದರು. ಇಲ್ಲಿ ಆ ಅನುಕೂಲವಿಲ್ಲ.

ಐದು ಹೊಸ ಹಾಡು ಕಟ್ಟಿದ್ದೇನೆ. ರಂಗಮಂದಿರದ ಮೇಡಂ ಮುಂದೆ ಐದನ್ನೂ ಹಾಡಿದೆ. ಆಕೆ ಗಡಿಯಾರ ನೋಡುತ್ತಾ ಕೂತಿದ್ದರು. ಸರಿ, ಇದೂ ಹೋಯಿತು ಎಂದುಕೊಂಡು ಗಿಟಾರನ್ನು ಚೀಲಕ್ಕೆ ತುರುಕುವಾಗ ಸುಮ್ಮನೆ 'ಬಾಗಿಲ ಹಿಂದೆ' ಗುನುಗಿದೆ. "ಅದೇನದು?" ಎಂದರು. ನಮ್ಮ ಅಮ್ಮನ ಹಾಡು, ನಾನು ಐದು ವರ್ಷದವನಿದ್ದಾಗ ತೀರಿಕೊಂಡಳು, ನನಗೆ ಅಂತ ಬಿಟ್ಟುಹೋದದ್ದು ಇದೊಂದೇ ಎಂದೆ. ಅಲ್ಲೇ ಡೈರಿ ತೆಗೆದು ದಿನ ಕೊಟ್ಟರು.

ನನಗೆ ಬರುವುದು ಎರಡೇ ಸಾಲು.

ಬಾಗಿಲ ಹಿಂದೆ ಕತ್ತಲೆಯಿಲ್ಲ, ಬಾಗಿಲ ನೆರಳೇ ಇರುವುದು
ನೆರಳಿಗೆ ಕೈಯೂ ಕಾಲೂ ಇಲ್ಲ, ನಿನಗೆ ಎರಡೂ ಇರುವುದು

ಇದರಾಚೆ ರಾಗ ಮೇಲಕ್ಕೆ ಹೋಗುತ್ತಿತ್ತು, ಅಷ್ಟರಲ್ಲಿ ನಾನು ನಿದ್ದೆ ಹೋಗುತ್ತಿದ್ದೆ. ಅಮ್ಮ ಹೋದಮೇಲೂ ನೀನು ಎಷ್ಟೋ ವರ್ಷ ಇದನ್ನು ಹಾಡಿದ್ದೀ, ಪೂರ್ತಿ ಗೊತ್ತಿರುವುದು ನಿನಗೊಬ್ಬಳಿಗೇ. ಸದ್ದಿಲ್ಲದ ಕಡೆ ಕೂತು ಫೋನಿನಲ್ಲಿ ಹಾಡಿ ಕಳಿಸು. ಬೇಗ.

ನಿನ್ನ ತಮ್ಮ

*

ಫೆಬ್ರವರಿ 11

ಪ್ರೀತಿಯ ತಮ್ಮನಿಗೆ,

ದೇವರು ನಿನ್ನ ಗಂಟಲು ಕಾಯಲಿ. ಬೋಲ್ಟ್ ಹಾಕಿದ ಕುರ್ಚಿಯ ವಿಷಯ ಒಗೆಯುವ ಮನೆಯ ನನ್ನ ಜೋಡಿಯಾಕೆಗೆ ಓದಿ ಹೇಳಿದೆ. ಹೊದಿಕೆ ಮಡಚುವುದಕ್ಕೆ ಇಬ್ಬರು ಬೇಕಲ್ಲ, ಆ ಕೊನೆ ಹಿಡಿಯುವವಳೇ ಅವಳು. ಹದಿನಾಲ್ಕು ವರ್ಷದಿಂದ ಒಬ್ಬರಿಗೊಬ್ಬರು ಎರಡು ಹೆಜ್ಜೆ ಹತ್ತಿರ ಬಂದು ಎರಡು ಹೆಜ್ಜೆ ದೂರ ಹೋಗುತ್ತಿದ್ದೇವೆ. "ನಿನ್ನ ತಮ್ಮನಿಗೆ ಹೇಳು, ನಮ್ಮ ಆಸ್ಪತ್ರೆಯಲ್ಲಿ ಬಂದು ಹಾಡಲಿ, ಇಲ್ಲಿ ಮಂಚ ಬಿಟ್ಟು ಏಳುವ ಶಕ್ತಿ ಯಾರಿಗೂ ಇಲ್ಲ" ಎಂದಳು. ಅವಳ ಬಾಯಿಗೆ ಬೀಗವಿಲ್ಲ.

ಊಟದ ಬಿಡುವಿನಲ್ಲಿ ಹಾಡಿ ಕಳಿಸಿದ್ದೇನೆ, ಬಂದಿರಬೇಕು. ಹಾಡು ಅಷ್ಟೇ. ನಿನಗೆ ಗೊತ್ತಿರುವ ಎರಡೇ ಸಾಲು. ಮತ್ತೆ ಮತ್ತೆ ಅದನ್ನೇ ಹಾಡುವುದು. ಮಕ್ಕಳ ಹಾಡು ಇನ್ನೆಷ್ಟು ಉದ್ದ ಇರುತ್ತದೆ?

ಒಂದು ಮಾತು. ಆ ಕಾಫಿ ಅಂಗಡಿಯಲ್ಲಿ ಸಂಜೆಯಾದರೆ ಕಾಫಿಯಲ್ಲದ್ದನ್ನೂ ಕೊಡುತ್ತಾರೆ ಎಂದು ಹಿಂದೆ ನೀನೇ ಹೇಳಿದ್ದೆ. ಅಂಥ ಕಡೆ ಅಮ್ಮನ ಹೆಸರು ಹೇಳಬೇಕೇನು? ನಿನ್ನದೇ ಐದು ಹಾಡು ಇವೆ. ಅವನ್ನೇ ದೇವರ ಮೇಲೆ ಭಾರ ಹಾಕಿ ಹಾಡು.

ಸರಿಯಾಗಿ ಉಣ್ಣುತ್ತೀಯಾ? ಹೋದ ಸಲದ ಫೋಟೋದಲ್ಲಿ ಕತ್ತಿನ ಮೂಳೆ ಕಾಣುತ್ತಿತ್ತು.

ಅಕ್ಕ

*

ಫೆಬ್ರವರಿ 15

ಅಕ್ಕಾ,

ನೀನು ಕಳಿಸಿದ್ದು ಬಂತು. ಹಿಂದೆ ಯಾರೋ ಬುಸ್ಸೆನ್ನುತ್ತಿದ್ದಾರೆ. ಹಾವೋ ಇಸ್ತ್ರಿ ಯಂತ್ರವೋ ಗೊತ್ತಾಗಲಿಲ್ಲ. ಸದ್ದಿಲ್ಲದ ಕಡೆ ಎಂದರೆ ನೀನು ಹಬೆಯ ಯಂತ್ರದ ಪಕ್ಕ ನಿಂತಿದ್ದೀ.

ಅದು ಹೋಗಲಿ. ಹಾಡು ಅಷ್ಟೇ ಅಲ್ಲ. ನಾನು ಹೇಳಿದೆನಲ್ಲ, ಎರಡನೇ ಸಾಲು ಮುಗಿದ ಮೇಲೆ ರಾಗ ಮೇಲೆ ಏರುತ್ತದೆ. ಮೆಟ್ಟಿಲು ಹತ್ತಿದ ಹಾಗೆ ಮೂರು ಸ್ವರ, ಆಮೇಲೆ ಒಂದು ಕಡೆ ನಿಲ್ಲುತ್ತದೆ. ನಾನು ಹೊಟ್ಟೆಪಾಡಿಗೆ ಇದನ್ನೇ ಮಾಡುವವನು, ಅಷ್ಟು ಗೊತ್ತಾಗುವುದಿಲ್ಲವೇ? ಎರಡು ಸಾಲು ಎಳೆದೆಳೆದು ಹಾಡಿದರೂ ಒಂದೂವರೆ ನಿಮಿಷ. ಕಾರ್ಯಕ್ರಮದ ಕೊನೆಯ ಹಾಡು ಒಂದೂವರೆ ನಿಮಿಷಕ್ಕೆ ಮುಗಿದರೆ ಜನ ಚಪ್ಪಾಳೆ ಹೊಡೆಯುವುದಿಲ್ಲ, ಕರೆಂಟ್ ಹೋಯಿತೇನೋ ಎಂದುಕೊಳ್ಳುತ್ತಾರೆ.

ನೆನಪು ಮಾಡಿಕೋ. ಬಟ್ಟೆ ಮಡಚುವಾಗ ನೆನಪು ಮಾಡಿಕೋ. ಪ್ರಾರ್ಥನೆಗೆ ಕೂತಾಗ ನೆನಪು ಮಾಡಿಕೋ. ಪ್ರಾರ್ಥನೆಯಲ್ಲಿ ನಿನಗೆ ಬಾರದ ಹಾಡಿಲ್ಲ, ಇನ್ನೂರು ಹಾಡು ಬಾಯಿಪಾಠ. ಅಮ್ಮನದೊಂದು ಮರೆತುಹೋಯಿತೇ?

ತಮ್ಮ

*

ಮಾರ್ಚ್ 1

ಪ್ರೀತಿಯ ತಮ್ಮನಿಗೆ,

ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಗಂಟಲು ಕಟ್ಟಿತ್ತು. ಆಮೇಲೆ ಹೊಸ ಯಂತ್ರ ಬಂತು. ಅದನ್ನು ಕಲಿಸಲು ಬಂದ ಮನುಷ್ಯ ನಮಗೆ ಇಸ್ತ್ರಿ ಮಾಡುವುದು ಹೇಗೆಂದು ಅರ್ಧ ದಿನ ಭಾಷಣ ಮಾಡಿ, ಕೊನೆಗೆ ತನ್ನ ತೋಳನ್ನೇ ಸುಟ್ಟುಕೊಂಡ. ಜೋಡಿಯಾಕೆ ನಗು ತಡೆಯಲಾರದೆ ಹೊದಿಕೆಯಲ್ಲಿ ಮುಖ ಮುಚ್ಚಿಕೊಂಡಳು. ಮುಲಾಮು ಹಚ್ಚಿದವಳು ನಾನು.

ಹಾಡಿನ ವಿಷಯ. ನೀನು ಚಿಕ್ಕವನಿದ್ದೆ, ನಿದ್ದೆಗಣ್ಣಿನಲ್ಲಿ ಏನೋ ಕೇಳಿಸಿಕೊಂಡಿರುತ್ತೀ. ಬೇಕಾದರೆ ಮುಂದಿನದನ್ನು ನೀನೇ ಕಟ್ಟು. ನಿನಗೆ ಕೈಬಂದ ಕೆಲಸ. ಆದರೆ ಅಮ್ಮನ ಹೆಸರು ಬೇಡ. ಸುಮ್ಮನೆ 'ಹಳೆಯ ಹಾಡು' ಎಂದು ಹಾಕಿಸು. ಸತ್ತವರ ಹೆಸರಿನಲ್ಲಿ ಒಂದು ಮಾತು ಹೇಳಿದರೂ ಅದಕ್ಕೆ ಲೆಕ್ಕ ಕೇಳುವವನು ಮೇಲಿದ್ದಾನೆ. ನಾನು ನಿನ್ನ ಒಳ್ಳೆಯದಕ್ಕೇ ಹೇಳುವುದು.

ಪುಸ್ತಕದಂಗಡಿಯ ಕಾರ್ಯಕ್ರಮ ಹೇಗಾಯಿತು? ನೀನು ಬರೆಯಲೇ ಇಲ್ಲ.

ಅಕ್ಕ

*

ಮಾರ್ಚ್ 6

ಅಕ್ಕಾ,

ಪುಸ್ತಕದಂಗಡಿಯವರು ಮುಂದೂಡಿದ್ದಾರೆ. ಯಾವಾಗಕ್ಕೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಡ್ರಮ್ ಬಾರಿಸುವವನಿಗೆ ಬೇರೆ ತಂಡ ಸಿಕ್ಕಿದೆ. ಒಳ್ಳೆಯ ಹುಡುಗ, ಹೋಗಲಿ. ಗಿಟಾರ್ ಒಂದೇ ಸಾಕು, ಅದೇ ಚೆನ್ನ.

ಕಾಫಿ ಅಂಗಡಿಯದು ನಡೆಯಿತು. ಅಲ್ಲಿನ ಬೀಜ ಪುಡಿ ಮಾಡುವ ಯಂತ್ರ ನನ್ನ ಶ್ರುತಿಗಿಂತ ಅರ್ಧ ಸ್ವರ ಕೆಳಗೆ ಕಿರುಚುತ್ತದೆ. ನಾನು ಶ್ರುತಿ ಇಳಿಸಿ ಅದಕ್ಕೆ ಹೊಂದಿಸಿಕೊಂಡೆ. ಆಗ ಅದು ನಿಂತಿತು. ಎರಡನೇ ಹಾಡಿನ ನಡುವೆ ಒಬ್ಬ ದೊಡ್ಡ ಮನುಷ್ಯ ಹತ್ತಿರ ಬಂದು, "ಅಣ್ಣಾ, ಸಿನಿಮಾ ಹಾಡು ಬರಲ್ವಾ?" ಎಂದ.

"ಬರುತ್ತೆ."

"ಮತ್ತೆ ಯಾಕೆ ಇದನ್ನ ಹಾಡ್ತೀರಿ?"

ಇದಕ್ಕೆ ಉತ್ತರವಿದ್ದರೆ ನೀನೇ ಹೇಳು. ಅವನು ಕೆಟ್ಟವನಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ.

ಇದರ ಜೊತೆ ಪೋಸ್ಟರ್ ಇಟ್ಟಿದ್ದೇನೆ, ನೋಡು. ಊರೆಲ್ಲ ಅಂಟಿಸಿದ್ದಾರೆ. 'ತಾಯಿ ಬಿಟ್ಟುಹೋದ ಹಾಡು' ಎಂದು ಮೇಲೆ, ನನ್ನ ಹೆಸರು ಕೆಳಗೆ, ಅದೂ ಸಣ್ಣಕ್ಷರದಲ್ಲಿ. ಇನ್ನು ಅದನ್ನು 'ಹಳೆಯ ಹಾಡು' ಎಂದು ಯಾರು ಹೋಗಿ ತಿದ್ದುತ್ತಾರೆ? ಏಣಿ ಹಿಡಿದುಕೊಂಡು ನೀನು ಬರುತ್ತೀಯಾ?

ಇಷ್ಟು ವರ್ಷದಲ್ಲಿ ನಿನ್ನಿಂದ ಏನಾದರೂ ಕೇಳಿದ್ದೇನೆಯೇ? ಈಗ ಕೇಳುತ್ತಿರುವುದು ನಾಲ್ಕು ಸಾಲು, ಅದೂ ನನ್ನ ಅಮ್ಮನದು. ಅದಕ್ಕೆ ಗಂಟಲು ನೋವು, ಯಂತ್ರ, ಮುಲಾಮು, ಲೆಕ್ಕ ಕೇಳುವ ದೇವರು. ಮರೆತಿದ್ದರೆ ಮರೆತೆ ಎನ್ನು. ಕೊಡುವುದಿಲ್ಲ ಎಂದರೆ ಕೊಡುವುದಿಲ್ಲ ಎನ್ನು.

ತಮ್ಮ

*

ಮಾರ್ಚ್ 12

ಪ್ರೀತಿಯ ತಮ್ಮನಿಗೆ,

ಪೋಸ್ಟರ್ ಮೇಜಿನ ಮೇಲೆ ಹರಡಿ ನೋಡಿದೆ. ಅಕ್ಷರಗಳು ನನ್ನ ಅಂಗೈಯಷ್ಟು ದೊಡ್ಡದಾಗಿವೆ. ಮೂರು ದಿನ ಪ್ರಾರ್ಥನೆಗೆ ಕೂತರೂ ಬಾಯಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅದು ಅಮ್ಮನ ಹಾಡಲ್ಲ. ನಾನು ಕಟ್ಟಿದ್ದು.

ಅಮ್ಮ ಹೋದಮೇಲೆ ನೀನು ಅಡಿಗೆಮನೆಯ ಬಾಗಿಲ ಹಿಂದೆ ಹೋಗಿ ನಿಂತುಬಿಟ್ಟೆ. ಹೊರಗೆ ಬರಲಿಲ್ಲ, ಉಣ್ಣಲಿಲ್ಲ. ಅಪ್ಪ ಎಳೆಯಲು ಹೋದರೆ ಕೈ ಕಚ್ಚಿದೆ. "ಅಮ್ಮ ನನಗೆ ಏನು ಹೇಳಿ ಹೋದಳು?" ಎಂದು ಅದೊಂದನ್ನೇ ಕೇಳುತ್ತಿದ್ದೆ. ಅವಳು ಏನೂ ಹೇಳಿರಲಿಲ್ಲಪ್ಪಾ. ಕೊನೆಯ ಎರಡು ದಿನ ಅವಳಿಗೆ ಮಾತೇ ಇರಲಿಲ್ಲ. ಅದನ್ನು ಐದು ವರ್ಷದ ಕೂಸಿಗೆ ಹೇಗೆ ಹೇಳುವುದು? ನನಗೋ ಹದಿನೇಳು. "ನಿನಗೆ ಒಂದು ಹಾಡು ಹೇಳಿ ಹೋಗಿದ್ದಾಳೆ" ಎಂದುಬಿಟ್ಟೆ. "ಯಾವ ಹಾಡು?" ಎಂದೆ ನೀನು. ಆಗ ನಿಂತ ಕಾಲಲ್ಲೇ ಹಾಡಬೇಕಾಯಿತು. ಕಣ್ಣ ಮುಂದೆ ಇದ್ದದ್ದು ಬಾಗಿಲು ಮತ್ತು ಅದರ ನೆರಳು. ಅದನ್ನೇ ಹಾಡಿದೆ. ನೀನು ಹೊರಗೆ ಬಂದೆ.

ದೊಡ್ಡವನಾದ ಮೇಲೆ ಹೇಳೋಣ ಎಂದುಕೊಂಡಿದ್ದೆ. ನೀನು ದೊಡ್ಡವನಾದಷ್ಟೂ ಹೇಳುವುದು ಕಷ್ಟವಾಯಿತು. ದೇವರ ಮುಂದೆ ಎಷ್ಟೋ ಸಲ ಒಪ್ಪಿಕೊಂಡಿದ್ದೇನೆ. ಅವನು ಏನೂ ಅನ್ನಲಿಲ್ಲ, ಅದನ್ನೇ ಕ್ಷಮೆ ಎಂದುಕೊಂಡಿದ್ದೆ. ಈಗ ನೋಡಿದರೆ ಊರ ಗೋಡೆಗಳ ಮೇಲೆ ಅಂಟಿಸಿಟ್ಟಿದ್ದಾನೆ.

ನನ್ನ ಸುಳ್ಳನ್ನು ನಿನ್ನ ಬಾಯಿಂದ ಎಂಬತ್ತು ಜನರ ಮುಂದೆ ಹೇಳಿಸಬೇಡ. ಹಾಡು ಬೇಕಾದರೆ ಹಾಡು. ಅವಳದು ಎನ್ನಬೇಡ.

ಅಕ್ಕ

*

ಮಾರ್ಚ್ 16

ಅಕ್ಕಾ,

ಭೇಷ್. ಅಂತೂ ದಾರಿ ಹುಡುಕಿಕೊಂಡೆ.

ಕುಡಿಯುವವರ ಮುಂದೆ ಅಮ್ಮನ ಹೆಸರು ಬರಬಾರದು. ಅದು ನಿನ್ನ ಮನಸ್ಸಿನಲ್ಲಿರುವುದು, ಮೊದಲ ಕಾಗದದಲ್ಲೇ ಬರೆದಿದ್ದೆ. 'ಹಳೆಯ ಹಾಡು' ಎಂದು ಹಾಕಿಸು ಎಂದೆ, ನಾನು ಒಪ್ಪಲಿಲ್ಲ. ಈಗ ಹಾಡಿನಿಂದ ಅಮ್ಮನನ್ನೇ ಹೊರಗೆ ಹಾಕುತ್ತಿದ್ದೀ. ರಂಗಮಂದಿರದಲ್ಲಿ ನೀರು ಬಿಟ್ಟು ಬೇರೇನೂ ಸಿಗುವುದಿಲ್ಲ, ಅದನ್ನಾದರೂ ಕೇಳಬಹುದಿತ್ತು.

ಅಮ್ಮನ ಮುಖ ನನಗೆ ನೆನಪಿಲ್ಲ. ಆ ಒಂದು ಫೋಟೋ, ಅದೂ ಅರ್ಧ ಬಿಸಿಲಿಗೆ ಬಿಳಿಚಿದ್ದು. ಕೈ ನೆನಪಿಲ್ಲ, ಸೀರೆ ನೆನಪಿಲ್ಲ. ಆದರೆ ದನಿ ನೆನಪಿದೆ. ಆ ಹಾಡು ಹಾಡುವ ದನಿ. ಸ್ವಲ್ಪ ಒಡಕು. ಸಾಲಿನ ಕೊನೆಗೆ ಬರುವಷ್ಟರಲ್ಲಿ ಉಸಿರು ಸಾಲದೆ ಮಾತು ನುಂಗಿಹೋಗುತ್ತಿತ್ತು. ನಾನು ಇವತ್ತಿಗೂ ಹಾಡುವಾಗ ಸಾಲಿನ ಕೊನೆಯನ್ನು ಹಾಗೇ ಬಿಡುತ್ತೇನೆ. ಪತ್ರಿಕೆಯವನೊಬ್ಬ ಅದನ್ನೇ 'ಈತನ ಶೈಲಿ' ಎಂದು ಬರೆದ. ಅದು ನನ್ನ ಶೈಲಿಯಲ್ಲ, ಅಮ್ಮನ ಉಸಿರು. ನನ್ನ ಹತ್ತಿರ ಅವಳದು ಇರುವುದು ಅದಿಷ್ಟೇ, ಅದನ್ನೂ ನೀನು ನಿನ್ನದು ಎನ್ನುತ್ತೀ.

ಇನ್ನರ್ಧ ಕಳಿಸುತ್ತೀಯೋ ಇಲ್ಲವೋ? ಹನ್ನೆರಡು ದಿನ ಇದೆ. ಬೇರೆ ಏನೂ ಬರೆಯಬೇಡ.

*

ಮಾರ್ಚ್ 19

ತಮ್ಮಾ,

ಬೇರೆ ಏನೂ ಬರೆಯಬೇಡ ಎಂದಿದ್ದೀ. ಬರೆಯುತ್ತೇನೆ, ಓದು.

ಐವತ್ತು ವರ್ಷದವಳು ಮೊದಲ ಸಲ ಬಾಯಿಬಿಟ್ಟು ನಿಜ ಹೇಳಿದರೆ ನೀನು ಅದನ್ನೇ ಸುಳ್ಳು ಎಂದೆ. ಸುಳ್ಳು ಹೇಳಿದಾಗ ಎಷ್ಟು ಚೆನ್ನಾಗಿ ನಂಬಿದ್ದೆ! ನನಗೂ ಸಿಟ್ಟು ಬರುತ್ತದೆ. ಒಗೆಯುವ ಮನೆಯಲ್ಲಿ ಇವತ್ತು ಒಂದು ಹೊದಿಕೆ ಸುಟ್ಟೆ. ಇಷ್ಟು ವರ್ಷದಲ್ಲಿ ಮೊದಲನೆಯದು. ಜೋಡಿಯಾಕೆ, "ಯಾರ ಮೇಲಿನ ಕೋಪ ಇದು, ರೋಗಿ ಏನು ಮಾಡಿದ?" ಎಂದಳು.

ಆ ದನಿ ನನ್ನದು. ಆ ವರ್ಷವೆಲ್ಲ ನೀನು ನೆಲಕ್ಕೆ ಇಳಿಯುತ್ತಿರಲಿಲ್ಲ. ಸೊಂಟದ ಮೇಲೆ ಹೊತ್ತುಕೊಂಡೇ ನೀರು ತರಬೇಕು, ಒಲೆ ಉರಿಸಬೇಕು, ಹಾಡಲೂ ಬೇಕು. ಐದು ವರ್ಷದ ಹುಡುಗ ಹಗುರ ಇರುತ್ತಾನೆಯೇ? ಸಾಲಿನ ಕೊನೆಗೆ ಉಸಿರು ಎಲ್ಲಿಂದ ಬರಬೇಕು?

ಅಮ್ಮನಿಗೆ ಹಾಡಲು ಬರುತ್ತಿರಲಿಲ್ಲ. ಒಂದು ಸಾಲೂ ಇಲ್ಲ. ಪ್ರಾರ್ಥನೆಯಲ್ಲಿ ಎಲ್ಲರೂ ಹಾಡುವಾಗ ತುಟಿ ಮಾತ್ರ ಆಡಿಸುತ್ತಿದ್ದಳು. ಒಮ್ಮೆ ಪಕ್ಕದಲ್ಲಿ ಕೂತು ಕಿವಿಯಿಟ್ಟು ಕೇಳಿದೆ, ಸದ್ದೇ ಇಲ್ಲ. "ಯಾಕಮ್ಮಾ?" ಎಂದೆ. "ನನ್ನ ದನಿ ದೇವರಿಗೆ ಗೊತ್ತು, ಉಳಿದವರಿಗೆ ಯಾಕೆ ತೊಂದರೆ" ಎಂದಳು.

ನೀನು ಕೇಳುವ ಇನ್ನರ್ಧ ಇದೆ. ಇಷ್ಟು ದಿನ ಬಚ್ಚಿಟ್ಟಿದ್ದು ಯಾಕೆ ಎಂದು ಓದಿದರೆ ನಿನಗೇ ಗೊತ್ತಾಗುತ್ತದೆ.

ನುಂಗಿದ ಹಲ್ಲು ಎಲ್ಲಿಗೆ ಹೋಯಿತು, ಹೊಟ್ಟೆಯ ಊರಿಗೆ ಹೋಯಿತು
ಹೋದವರಾರೂ ಬರಲೇ ಇಲ್ಲ, ಹಲ್ಲೊಂದೇ ತಿರುಗಿ ಬಂದಿತು

ನಿನ್ನ ಮುಂದಿನ ಹಲ್ಲು ಬಿದ್ದದ್ದು ಆರು ತುಂಬಿದ ಮೇಲೆ. ಬ್ರೆಡ್ಡಿನ ಜೊತೆ ನುಂಗಿಬಿಟ್ಟೆ. ಹೊಟ್ಟೆಯೊಳಗೆ ಅದು ಕಚ್ಚುತ್ತದೆ ಎಂದು ಎರಡು ದಿನ ಅತ್ತೆ. ಶಾಲೆಯ ಮೇಷ್ಟ್ರು ಬಂದು ಸಮಾಧಾನ ಮಾಡಿದ್ದು ನೆನಪಿರಬೇಕು ನಿನಗೆ. ಹೊಸ ಹಲ್ಲು ಮೂಡಿದ ವಾರ ಈ ಎರಡು ಸಾಲು ಸೇರಿಸಿದೆ. ಅಷ್ಟರಲ್ಲಿ ಅಮ್ಮ ಹೋಗಿ ಒಂದು ವರ್ಷದ ಮೇಲಾಗಿತ್ತು. ಲೆಕ್ಕ ಹಾಕು.

ಈ ಸಾಲು ಬರುವಷ್ಟರಲ್ಲಿ ನೀನು ಮಲಗಿರುತ್ತಿದ್ದೆ. ಅದಕ್ಕೇ ಹೀಗೆ ಹಾಡಲು ಧೈರ್ಯ ಬಂದದ್ದು. ಇದನ್ನು ನಾನು ನಿನಗೆ ಹಾಡಿದ್ದಲ್ಲ, ನನಗೇ ಹಾಡಿಕೊಂಡದ್ದು.

ಅಕ್ಕ

*

ಏಪ್ರಿಲ್ 2

ತಮ್ಮಾ,

ಕಾಗದ ತಲುಪಿತೇ? ಕಾರ್ಯಕ್ರಮ ಮುಗಿದು ಐದು ದಿನವಾಯಿತು. ಫೋನ್ ಮಾಡಿದರೆ ಆಫ್ ಎನ್ನುತ್ತದೆ. ಬೈಯುವುದಿದ್ದರೆ ಬೈದು ಬರಿ. ಬೈಗುಳಕ್ಕೂ ಅಂಚೆಯವನು ಅದೇ ಸ್ಟಾಂಪು ಕೇಳುವುದು.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಅಕ್ಕ

*

ಏಪ್ರಿಲ್ 7

ಅಕ್ಕಾ,

ತಲುಪಿತು. 23ನೇ ತಾರೀಕು ತಲುಪಿತು. ಹಲ್ಲಿನ ಸಾಲು ಓದಿ ಕಾಗದವನ್ನು ಮಡಚಿ ಗಿಟಾರ್ ಚೀಲದ ಜೇಬಿಗೆ ಹಾಕಿದವನು ಐದು ದಿನ ಆ ಜೇಬು ತೆರೆಯಲಿಲ್ಲ. ನಿನ್ನ ಮೇಲೆ ಸಿಟ್ಟಿದೆ. ಇನ್ನೂ ಇದೆ. ಅದು ಹೋಗಿದೆ ಎಂದುಕೊಂಡು ಈ ಕಾಗದ ಓದಬೇಡ. ನಾನು ಬಾಗಿಲ ಹಿಂದೆ ನಿಂತಿದ್ದಾಗ ಸುಳ್ಳು ಹೇಳಿದ್ದು ಸರಿ. ನಿಜವನ್ನು ನನ್ನ ಹತ್ತಕ್ಕೆ ಹೇಳಬಹುದಿತ್ತು. ಇಪ್ಪತ್ತಕ್ಕೆ ಹೇಳಬಹುದಿತ್ತು. ಮೂವತ್ತೆಂಟು ತುಂಬಿದವನನ್ನು ಎರಡನೇ ಸಲ ತಬ್ಬಲಿ ಮಾಡಿದೆ.

ಕಾರ್ಯಕ್ರಮದ ವಿಷಯ ಕೇಳು. ಐವತ್ತೊಂದು ಜನ ಬಂದಿದ್ದರು. ಬೋಲ್ಟ್ ಹಾಕಿದ ಕುರ್ಚಿಯಾದರೇನು, ಮೂರನೇ ಹಾಡಿಗೆ ನಾಲ್ವರು ಎದ್ದು ಹೋದರು. ಹೋಗುವಾಗ ಕುರ್ಚಿಯ ಮಡಚುವ ಹಲಗೆ ಟಪ್ ಎಂದು ಸದ್ದು ಮಾಡುತ್ತದೆ, ಅದು ಇನ್ನೂ ಕೆಟ್ಟದ್ದು. ಐದು ಹಾಡು ಮುಗಿಸಿದೆ. ಆರನೆಯದಕ್ಕೆ ಮೇಡಂ ಬಾಗಿಲ ಹತ್ತಿರ ಬಂದು ನಿಂತರು, ಇದಕ್ಕಾಗಿಯೇ ಎಲ್ಲರೂ ಕಾದಿದ್ದರು.

ಹಾಡಲಿಲ್ಲ. ಆಗಲಿಲ್ಲ. ಅಮ್ಮನದು ಎಂದು ಹಾಡಿದರೆ ಸುಳ್ಳು, ನಿನ್ನದು ಎಂದು ಹಾಡಲು ಹೊಟ್ಟೆಯುರಿ. ಗಿಟಾರನ್ನು ಕೆಳಗಿಟ್ಟು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡೆ. ಆಮೇಲೆ ಹೇಳಿದೆ: "ಪೋಸ್ಟರಿನಲ್ಲಿ ತಪ್ಪಾಗಿದೆ. ನಮ್ಮ ತಾಯಿಗೆ ಹಾಡಲು ಬರುತ್ತಿರಲಿಲ್ಲ." ತುಟಿ ಆಡಿಸುತ್ತಿದ್ದದ್ದು ಹೇಳಿದೆ. ನನ್ನ ದನಿ ದೇವರಿಗೆ ಗೊತ್ತು, ಉಳಿದವರಿಗೆ ಯಾಕೆ ತೊಂದರೆ ಎಂದದ್ದು ಹೇಳಿದೆ.

ನಕ್ಕರು ಅಕ್ಕಾ. ಐದು ಹಾಡಿಗೆ ಅಲುಗಾಡದ ಜನ ಅದಕ್ಕೆ ನಕ್ಕರು. ನನಗೂ ನಗು ಬಂತು. ಅಮ್ಮ ಎಂದರೆ ನನಗೆ ಯಾವತ್ತೂ ನಗು ಬಂದಿರಲಿಲ್ಲ. ನಗುವುದಕ್ಕೆ ಅವಳದು ಏನೂ ನನ್ನ ಹತ್ತಿರ ಇರಲಿಲ್ಲ.

ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಕೂತಿದ್ದರು. ನಗು ನಿಂತ ಮೇಲೆ, ಮೈಕಿಲ್ಲದೆ, ಎಲ್ಲರಿಗೂ ಕೇಳುವ ಹಾಗೆ, "ಮತ್ತೇನು ಮಾಡುತ್ತಿದ್ದಳಪ್ಪಾ ನಿನ್ನ ತಾಯಿ?" ಎಂದರು.

ನನಗೆ ಗೊತ್ತಿರಲಿಲ್ಲ. ಅಷ್ಟು ಜನರ ಮುಂದೆ, ಬೆಳಕಿನ ಕೆಳಗೆ, ನನ್ನ ತಾಯಿಯ ಬಗ್ಗೆ ಎರಡನೇ ಮಾತು ನನ್ನ ಹತ್ತಿರ ಇರಲಿಲ್ಲ. "ಅಕ್ಕನನ್ನು ಕೇಳಬೇಕು" ಎಂದೆ. ಅಲ್ಲಿಗೆ ಮುಗಿಸಿದೆ. ಮೇಡಂ ಇನ್ನೊಂದು ದಿನ ಕೊಡಲಿಲ್ಲ. ಪುಸ್ತಕದಂಗಡಿಯವರು ಮೇ ತಿಂಗಳಲ್ಲಿ ಬಾ ಎಂದಿದ್ದಾರೆ. ಅಲ್ಲಿ ಈ ಹಾಡು ಹಾಡುತ್ತೇನೋ ಇಲ್ಲವೋ ಹೇಳಲಾರೆ. ಹಾಡಿದರೆ ನಾಲ್ಕು ಸಾಲೂ ಹಾಡುತ್ತೇನೆ, ಕಟ್ಟಿದವಳು ಯಾರೆಂದು ಹೇಳಿಯೇ ಹಾಡುತ್ತೇನೆ. ನೀನು ಬೇಡ ಎಂದರೂ ಕೇಳುವುದಿಲ್ಲ, ಅದನ್ನು ಬರೆದು ಕಾಗದ ದಂಡ ಮಾಡಬೇಡ.

ಆ ಜಾಗದಲ್ಲಿ ಇದನ್ನು ಬರಿ. ಅಮ್ಮ ಮತ್ತೇನು ಮಾಡುತ್ತಿದ್ದಳು? ಸಿಡುಕಿಯಾಗಿದ್ದರೆ ಸಿಡುಕಿ ಎಂದೇ ಬರಿ. ನನ್ನನ್ನು ಹೊಡೆದಿದ್ದರೆ ಯಾಕೆ ಹೊಡೆದಳು, ಯಾವ ಕೈಯಲ್ಲಿ ಹೊಡೆದಳು, ಬರಿ. ಚೆಂದ ಮಾಡಬೇಡ. ಫೋನ್ ಮಾಡಬೇಡ, ಫೋನಿನಲ್ಲಾದರೆ ನಾನು ನಡುವೆ ಬಾಯಿ ಹಾಕುತ್ತೇನೆ.

ತಮ್ಮ